ಸಿಟಿ ಟ್ರಾಫಿಕ್‌ಗೂ ಊರಿನ ದಾರಿಗೂ ಒಂದೇ ಪ್ಲೇಲಿಸ್ಟ್ ಸಾಕಾ?

ನೀವು ಕೇಳಿದ್ದು ಇಷ್ಟು: ವಾರವಿಡೀ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಕಾರಲ್ಲಿ ಓಡಾಟ, ಆಗಾಗ ಮನೆಯವರನ್ನೆಲ್ಲ ಕೂರಿಸಿಕೊಂಡು ಮಂಗಳೂರಿಗೆ ಪ್ರಯಾಣ, ಎರಡಕ್ಕೂ ಒಂದೇ ಪ್ಲೇಲಿಸ್ಟ್ ಹಾಕಿ ಹಾಕಿ ಬೇಜಾರಾಗಿದೆ, ಎಂಥ ಹಾಡು ಆರಿಸಿಕೊಳ್ಳಬೇಕು ಅಂತ. ನಾನೂ ಇವೇ ಎರಡು ದಾರಿಯಲ್ಲಿ ವರ್ಷಗಳಿಂದ ಓಡಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸಿಟಿಗೆ ಮಧ್ಯದಲ್ಲಿ ಕಡಿದುಹೋದರೂ ಬೇಸರವಾಗದ ಸಂಗೀತ ಬೇಕು. ದೂರದ ದಾರಿಗೆ ಕಡಿಯದೆ ಕೇಳಬೇಕಾದ ಸಂಗೀತ ಬೇಕು. ನಾನು ಆರಿಸುವುದು ಇದೊಂದನ್ನೇ ನೋಡಿ. ಯಾವ ಭಾಷೆ, ಹೊಸದೋ ಹಳೆಯದೋ, ಅದೆಲ್ಲ ನಿಮ್ಮ ಇಷ್ಟ.

ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿವರೆಗಿನ ರಿಂಗ್ ರೋಡಲ್ಲಿ ವೇಗ ಕಮ್ಮಿ, ಆದರೆ ತಲೆಗೆ ಕೆಲಸ ಜಾಸ್ತಿ. ಎಡಗಡೆಯಿಂದ ಸ್ಕೂಟರ್ ನುಗ್ಗುತ್ತದೆ, ಸ್ಟಾಪ್‌ನಲ್ಲಿದ್ದ ಬಿಎಂಟಿಸಿ ಬಸ್ಸು ತಟ್ಟನೆ ರಸ್ತೆಗೆ ಬರುತ್ತದೆ, ಅದರ ಮಧ್ಯೆ ಮ್ಯಾಪ್ ಬೇರೆ ಮಾತಾಡುತ್ತಿರುತ್ತದೆ. ಇಂಥ ಕಡೆ ಹೊಸ ಹಾಡು ಹಾಕಬೇಡಿ. ಹೊಸ ಹಾಡಿನ ಸಾಲು ಅರ್ಥ ಮಾಡಿಕೊಳ್ಳೋಕೆ ಮನಸ್ಸು ತಾನಾಗಿಯೇ ಹೋಗುತ್ತದೆ. ನೂರು ಸಲ ಕೇಳಿದ ಹಾಡಾದರೆ ಅದರ ಪಾಡಿಗೆ ಅದು ಹಾಡಿಕೊಂಡಿರುತ್ತದೆ, ಸಿಗ್ನಲ್ ಬಿದ್ದಾಗ ನೀವು ಒಂದು ಸಾಲು ಗುನುಗಿದರೂ ಆಯ್ತು, ಬಿಟ್ಟರೂ ಆಯ್ತು. ನಾಲ್ಕೈದು ನಿಮಿಷದ ಸಿನಿಮಾ ಹಾಡು ಇಲ್ಲಿಗೆ ಹೇಳಿ ಮಾಡಿಸಿದ್ದು. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಮಧ್ಯೆ ಗಮನ ತಪ್ಪಿದರೂ ಹಾಡು ಕೈ ಬಿಡುವುದಿಲ್ಲ. ನಾನು ಜಾಸ್ತಿ ಹಾಕುವುದು ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ದನಿಯಾಗಿದ್ದ ಕಾಲದ ಹಾಡುಗಳನ್ನು. ಆ ಕಾಲದ ರೆಕಾರ್ಡಿಂಗ್‌ನಲ್ಲಿ ದನಿ ಮುಂದೆ, ವಾದ್ಯಗಳೆಲ್ಲ ಹಿಂದೆ. ಅದಕ್ಕೇ ವಾಲ್ಯೂಮ್ ತೀರಾ ಕಮ್ಮಿ ಇಟ್ಟರೂ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತದೆ.

ಸಿಟಿಗೆ ರೇಡಿಯೋನೂ ತುಂಬಾ ಒಳ್ಳೆಯದು, ಜನ ಮರೆತೇಬಿಟ್ಟಿದ್ದಾರೆ. ವಿವಿಧ ಭಾರತಿ 102.9, ಕನ್ನಡ ಕಾಮನಬಿಲ್ಲು 101.3. ಹಾಡು ಆರಿಸುವ ಕೆಲಸ ಬೇರೆಯವರದ್ದು, ಹಾಗಾಗಿ ನಿಮ್ಮ ಕೈ ಫೋನಿನ ಕಡೆ ಹೋಗುವುದಿಲ್ಲ. ಕಥೆ, ಪಾಡ್‌ಕಾಸ್ಟ್ ಇಂಥವು ಮಾತ್ರ ಸಿಟಿಯಲ್ಲಿ ಬೇಡ. ಮುಖ್ಯವಾದ ಮಾತು ಬರುವ ಹೊತ್ತಿಗೆ ಸರಿಯಾಗಿ ಒಂದು ಜಂಕ್ಷನ್ ಬರುತ್ತದೆ, ಆಮೇಲೆ ಹಿಂದಕ್ಕೆ ಹಾಕೋಕೆ ಹೋಗಿ ಕಣ್ಣು ಪರದೆ ಮೇಲೆ.

ವಾಲ್ಯೂಮ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಸಿ ಹಾಕಿ ಗ್ಲಾಸ್ ಮುಚ್ಚಿದ ಕಾರಲ್ಲಿ ಹೊರಗಿನ ಸದ್ದು ಮೊದಲೇ ಅರ್ಧ ಸತ್ತಿರುತ್ತದೆ. ಅದರ ಮೇಲೆ ಜೋರಾಗಿ ಹಾಡು ಹಾಕಿದರೆ ಆಂಬುಲೆನ್ಸ್ ಹಿಂದೆಯೇ ಬಂದು ನಿಂತರೂ ಗೊತ್ತಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ ಆ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ. ದಂಡ ಬಿಡಿ, ಒಳಗೆ ಯಾರದೋ ಜೀವ ಇರುತ್ತದೆ ಅಲ್ವಾ. ಪಕ್ಕದಲ್ಲಿ ಕೂತವರ ಜೊತೆ ದನಿ ಎತ್ತದೆ ಮಾತಾಡೋಕೆ ಆಗಬೇಕು, ಅದಕ್ಕಿಂತ ಜೋರು ಬೇಡ. ಗೊತ್ತಿಲ್ಲದ ಮನೆ ಹುಡುಕುವಾಗ, ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆಯುವಾಗ ಪೂರ್ತಿ ನಿಲ್ಲಿಸಿಬಿಡಿ.

ಇನ್ನು ಮಂಗಳೂರಿನ ದಾರಿ. ನನಗೆ ನಿಜವಾಗಿ ಇಷ್ಟವಾದ ಭಾಗ ಇದು. ಸುಮಾರು 350 ಕಿಲೋಮೀಟರ್ ಇದೆ, ಆದರೆ ಅದನ್ನು ಒಂದೇ ದಾರಿ ಅಂದುಕೊಳ್ಳಬೇಡಿ. ನೆಲಮಂಗಲದಿಂದ ಹಾಸನದವರೆಗೆ ಒಂದು ಥರ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇನ್ನೊಂದು ಥರ, ಗುಂಡ್ಯದಿಂದ ಕೆಳಗೆ ಮತ್ತೊಂದು ಥರ.

ನೆಲಮಂಗಲ ದಾಟಿ ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ ಅಂತ ಹೋಗುವಾಗ ರಸ್ತೆ ಅಗಲ, ನೇರ. ಇಲ್ಲಿ ನಾಲ್ಕು ನಿಮಿಷದ ಹಾಡುಗಳು ಬೇಗ ಸಾಕಾಗುತ್ತವೆ. ಒಂದು ಮುಗಿದು ಇನ್ನೊಂದು ಬಂದ ಹಾಗೆಲ್ಲ ‘ಇದು ಬೇಡ, ಮುಂದಿನದು ಹಾಕು’ ಅನ್ನಿಸುತ್ತದೆ. ಇಲ್ಲಿಗೆ ಬೇಕಾದದ್ದು ಉದ್ದದ ಸಂಗೀತ. ಪೂರ್ತಿ ಕರ್ನಾಟಕ ಸಂಗೀತ ಕಛೇರಿ ಒಂದನ್ನು ಹಾಕಿ ನೋಡಿ. ವರ್ಣ ಅನ್ನುವ ರಚನೆಯಿಂದ ಚುರುಕಾಗಿ ಶುರು, ನಡುವೆ ವಿಸ್ತಾರವಾದ ರಾಗ, ತನಿ ಆವರ್ತನ ಅಂದರೆ ಮೃದಂಗದಂಥ ತಾಳವಾದ್ಯಗಳದ್ದೇ ಸರದಿ, ಕೊನೆಗೆ ದೇವರನಾಮ. ಎರಡೂವರೆ ಗಂಟೆಯ ಕಛೇರಿಯಾದರೆ ಹೆಚ್ಚುಕಮ್ಮಿ ಹಾಸನ ಬಂದಿರುತ್ತದೆ. ಹಿಂದೂಸ್ತಾನಿ ಇಷ್ಟವಾದರೆ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಇದ್ದಾರೆ, ನಮ್ಮ ಧಾರವಾಡ ಸೀಮೆಯ ಗಾಯಕರಿಗಿಂತ ಒಳ್ಳೆಯ ಜೊತೆ ಹೆದ್ದಾರಿಯಲ್ಲಿ ಬೇಕಾ? ಬೆಳಗಿನ ಜಾವ ಐದಕ್ಕೆ ಹೊರಟರೆ ಭೈರವ್, ತೋಡಿ ಇಂಥ ಬೆಳಗಿನ ರಾಗಗಳನ್ನು ಅವುಗಳ ಹೊತ್ತಿನಲ್ಲೇ ಕೇಳಬಹುದು. ವಾರದ ದಿನ ಮನೆಯಲ್ಲಿ ಆ ಹೊತ್ತಿಗೆ ಕೂತು ರಾಗ ಕೇಳುವ ಪುರುಸೊತ್ತು ಯಾರಿಗಿದೆ ಹೇಳಿ.

ಈ ಹಿಂದೂಸ್ತಾನಿ ಗಾಯಕರು ಹಾಡುವ ಖಯಾಲ್ ಅನ್ನುವ ಪ್ರಕಾರದಲ್ಲಿ ಒಂದು ಕಡೆ ಹುಷಾರಾಗಿರಬೇಕು. ನಿಧಾನ ಲಯದ ವಿಲಂಬಿತ್ ಮುಗಿದು ವೇಗದ ದ್ರುತ್ ಶುರುವಾದಾಗ ಗೊತ್ತಿಲ್ಲದೇ ಕಾಲು ಆಕ್ಸಿಲರೇಟರ್ ಒತ್ತುತ್ತದೆ. ಇದು ನನ್ನೊಬ್ಬನ ಅನುಭವ ಅಲ್ಲ. ಇಸ್ರೇಲಿನ ವಾರೆನ್ ಬ್ರಾಡ್‌ಸ್ಕಿ ಅನ್ನುವ ಸಂಶೋಧಕರು ಸಿಮ್ಯುಲೇಟರ್‌ನಲ್ಲಿ ಜನರನ್ನು ಕೂರಿಸಿ ಪರೀಕ್ಷೆ ಮಾಡಿ 2001ರಲ್ಲೇ ಬರೆದಿದ್ದಾರೆ. ಲಯ ಜೋರಾದ ಹಾಗೆ ಗಾಡಿಯ ವೇಗವೂ ಹೆಚ್ಚಿತು, ಸಿಗ್ನಲ್ ಹಾರಿಸುವುದು, ಲೇನ್ ದಾಟುವುದು ಎಲ್ಲ ಜಾಸ್ತಿಯಾಯಿತು. ಹಾಗಾಗಿ ದ್ರುತ್ ಬಂದಾಗ, ಕುಣಿಯುವ ಹಾಡು ಬಂದಾಗ, ಒಮ್ಮೆ ಸ್ಪೀಡೋಮೀಟರ್ ನೋಡಿಕೊಳ್ಳಿ.

ಇನ್ನೊಂದು ತೊಂದರೆ ಟೈರಿನ ಸದ್ದು. ವೇಗ ಹೆಚ್ಚಾದ ಹಾಗೆ ಕಾರಿನೊಳಗೆ ಒಂದು ದಪ್ಪ ಗುಂಯ್ ಸದ್ದು ತುಂಬಿಕೊಳ್ಳುತ್ತದೆ, ತಗ್ಗಿದ ದನಿಯೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ತಾಳವಿಲ್ಲದೆ ಮೆಲ್ಲಗೆ ಸಾಗುವ ಆಲಾಪ ಕೇಳಿಸಲಿ ಅಂತ ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ಮೃದಂಗ ಶುರುವಾಗಿ ಹಿಂದಿನ ಸೀಟಲ್ಲಿ ಮಲಗಿದ್ದ ಮಗು ಎದ್ದು ಕೂರುತ್ತದೆ. ಅದಕ್ಕೇ ವೀಣೆ ನನಗೆ ಎಷ್ಟೇ ಇಷ್ಟವಾದರೂ ಹೆದ್ದಾರಿಗೆ ಹಾಕುವುದಿಲ್ಲ, ಅದರ ಸೂಕ್ಷ್ಮವೆಲ್ಲ ಹಾಳಾಗುತ್ತದೆ. ನಾಗಸ್ವರ, ಶಹನಾಯಿ, ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಇಂಥವು ಆ ಗುಂಯ್ ಸದ್ದನ್ನು ಸೀಳಿಕೊಂಡು ಬರುತ್ತವೆ. ಸ್ಟೀರಿಯೋದಲ್ಲಿ ಬೇಸ್ ಸ್ವಲ್ಪ ಇಳಿಸಿ, ಮಿಡ್ ಸ್ವಲ್ಪ ಏರಿಸಿದರೆ ಹಾಡುವವರ ದನಿ ಬಿಡಿಸಿಕೊಂಡು ಕೇಳುತ್ತದೆ.

ಶಿರಾಡಿ ಘಾಟಿಗೆ ನನ್ನ ಸಲಹೆ: ಮಾರನಹಳ್ಳಿಯಿಂದ ಗುಂಡ್ಯದವರೆಗೆ ಏನೂ ಹಾಕಬೇಡಿ. ಟ್ಯಾಂಕರ್, ಲಾರಿ, ರಾತ್ರಿ ಬಸ್ಸು, ತಿರುವು, ಮಳೆಗಾಲದಲ್ಲಿ ಮಂಜು. ತಿರುವಿನಾಚೆಯ ಹಾರ್ನ್ ನಿಮಗೆ ಕೇಳಬೇಕು. ಅಲ್ಲಿ ನೆಟ್‌ವರ್ಕೂ ಕೈ ಕೊಡುತ್ತದೆ, ಹಾಡು ನಿಂತಾಗ ಫೋನ್ ತಡಕಾಡುವುದು ಅಂಥ ರಸ್ತೆಯಲ್ಲಿ ಅಪಾಯ. ಏನಿದ್ದರೂ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಘಾಟಿ ಇಳಿದ ಮೇಲೆ ಸೆಕೆ, ಊಟದ ಹೊತ್ತು, ನಿದ್ದೆ ಎಳೆಯುತ್ತದೆ. ಜೋರಾಗಿ ಹಾಡು ಹಾಕಿದರೆ ನಿದ್ದೆ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ದಯವಿಟ್ಟು ಅದನ್ನು ನಂಬಬೇಡಿ. ಸ್ವಲ್ಪ ಹೊತ್ತು ಎಚ್ಚರ ಅನ್ನಿಸುತ್ತದೆ ಅಷ್ಟೇ, ನಿದ್ದೆ ಒಳಗೆ ಹಾಗೇ ಇರುತ್ತದೆ. ನೆಲ್ಯಾಡಿಯಲ್ಲೋ ಉಪ್ಪಿನಂಗಡಿಯಲ್ಲೋ ಗಾಡಿ ನಿಲ್ಲಿಸಿ, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ನಿದ್ದೆ ಬಾರದೆ ಬರೀ ಬೋರ್ ಆಗಿದ್ದರೆ ತಾಳಮದ್ದಲೆ ಹಾಕಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು ವಾದಕ್ಕಿಳಿದರೆ ‘ಇದಕ್ಕೆ ಕೃಷ್ಣ ಏನು ಹೇಳಬಹುದು’ ಅಂತ ಮನಸ್ಸು ಚುರುಕಾಗಿಯೇ ಇರುತ್ತದೆ. ನಿಮ್ಮ ಮನೆಯವರು ಕರಾವಳಿಯವರಾದ್ದರಿಂದ ಕಾರಿನೊಳಗೇ ಇನ್ನೊಂದು ಚರ್ಚೆ ಶುರುವಾದರೂ ಆಶ್ಚರ್ಯವಿಲ್ಲ.

ಮನೆಯವರು ಅಂದೆನಲ್ಲ, ಕಾರಲ್ಲಿ ಐದು ಜನ ಇದ್ದಾಗ ಡ್ರೈವರ್ ಇಷ್ಟವೊಂದೇ ನಡೆಯಬಾರದು. ನಮ್ಮಲ್ಲಿ ಊರೂರಿಗೆ ಒಬ್ಬೊಬ್ಬರ ಸರದಿ. ಕುಣಿಗಲ್‌ವರೆಗೆ ಅಮ್ಮನ ದಾಸರಪದ, ಹಾಸನ ದಾಟಿ ಸಕಲೇಶಪುರದವರೆಗೆ ಮಕ್ಕಳು ಹೇಳಿದ ಹಾಡು, ಅದು ಯಾವುದಾದರೂ ಸರಿ. ಸಿ. ಅಶ್ವಥ್ ದನಿಯ ತತ್ವಪದ ಬಂದರೆ ಎಲ್ಲರೂ ಸೇರಿ ಹಾಡುತ್ತೇವೆ. ಫೋನ್ ಪಕ್ಕದ ಸೀಟಿನವರ ಕೈಲಿ, ಡ್ರೈವರ್ ಮುಟ್ಟುವ ಹಾಗಿಲ್ಲ.

ವಾಪಸ್ ಬರುವಾಗ ಭಾನುವಾರ ಸಂಜೆಯಾದರೆ ಹಾಸನದಲ್ಲಿ ಕಾಫಿ ಕುಡಿದು ಕಛೇರಿ ಶುರು ಮಾಡಿ, ನೆಲಮಂಗಲ ಟೋಲ್ ಹೊತ್ತಿಗೆ ಮುಗಿಯುವ ಹಾಗೆ. ಅಲ್ಲಿಂದ ಮುಂದೆ ತುಮಕೂರು ರಸ್ತೆಯ ಜಾಮ್ ಕಾದಿರುತ್ತದೆ, ಅದಕ್ಕೆ 102.9 ಸಾಕು.