ಮಗಳು ಡಾಕ್ಟರ್ ಆಗ್ಬೇಕಂತೆ, ಮೊದಲ ಸೆಮಿಸ್ಟರಲ್ಲಿ ಏನೇನು ತಗೋಬೇಕು?

ಈ ಸಲ ಓದುಗರ ಪತ್ರಗಳಲ್ಲಿ ಅಮೆರಿಕದಲ್ಲಿ ಮೆಡಿಕಲ್ ಓದೋಕೆ ಹೊರಟಿರೋ ಮಕ್ಕಳ ಮನೆಯಿಂದ ಬಂದಿದ್ದೇ ಜಾಸ್ತಿ, ಅದಕ್ಕೆ ಈ ಕಂತು ಪೂರ್ತಿ ಅದಕ್ಕೇ ಇಟ್ಟಿದೀನಿ. ಹೊಸಬರಿಗೆ ಗೊತ್ತಿರ್ಲಿ ಅಂತ ಹೇಳ್ತೀನಿ, ನನ್ನ ಊರು ಹಾಸನ, ಹದಿನಾಲ್ಕು ವರ್ಷದಿಂದ ಇಲ್ಲಿ ಅಮೆರಿಕದ ಒಂದು ಕಾಲೇಜಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ನಡೆಸ್ತಿದೀನಿ.

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಡಲ್ಲಾಸ್ ಹತ್ರ ಇರೋದು. ಮಗಳು ಆಗಸ್ಟಲ್ಲಿ ಕಾಲೇಜಿಗೆ ಸೇರ್ತಾಳೆ, ಡಾಕ್ಟರ್ ಆಗ್ಬೇಕು ಅಂತ ಎಂಟನೇ ಕ್ಲಾಸಿಂದ ಹೇಳ್ತಿದಾಳೆ. ಹೈಸ್ಕೂಲಲ್ಲೇ ಬರೆಯೋ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಐದಕ್ಕೆ ಬಯಾಲಜಿಯಲ್ಲಿ 5, ಕೆಮಿಸ್ಟ್ರಿಯಲ್ಲಿ 4 ಬಂದಿದೆ. ನಮ್ಮ ಯಜಮಾನ್ರು "ನಾವು ಪಿಯುಸಿಲಿ ಪಿಸಿಎಂಬಿ ನಾಲ್ಕನ್ನೂ ಒಟ್ಟಿಗೆ ಓದ್ಲಿಲ್ವಾ, ಇವಳೂ ಮೊದಲ ಸೆಮಿಸ್ಟರಲ್ಲೇ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಕ್ಯಾಲ್ಕುಲಸ್ ಎಲ್ಲಾ ಹಾಕ್ಕೊಂಡು ಮೂರೇ ವರ್ಷಕ್ಕೆ ಡಿಗ್ರಿ ಮುಗಿಸ್ಲಿ" ಅಂತಾರೆ. ಅವಳಿಗೆ ಸೈಕಾಲಜಿ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಮಾಡೋ ಆಸೆ, ವೀಣೆ ಕ್ಲಾಸೂ ಬಿಡಲ್ಲ ಅಂತಾಳೆ. ದಿನಾ ಊಟಕ್ಕೆ ಕೂತ್ರೆ ಇದೇ ಮಾತು. ಏನು ಮಾಡೋದು?

ಉತ್ತರ: ಮೇಡಂ, ನಾಲ್ಕೂ ಒಟ್ಟಿಗೆ ಬೇಡ. ನಿಮ್ಮ ಯಜಮಾನ್ರು ಯಾಕೆ ಹಂಗೆ ಹೇಳ್ತಾರೆ ಅಂತ ನಂಗೆ ಚೆನ್ನಾಗಿ ಅರ್ಥ ಆಗತ್ತೆ, ನಾನೂ ಪಿಸಿಎಂಬಿನೇ ಓದಿದ್ದು. ಆದ್ರೆ ನಮ್ಮ ಕಡೆ ಫಸ್ಟ್ ಪಿಯುಲಿ ಎಡವಿದ್ರೂ ಸೆಕೆಂಡ್ ಪಿಯು, ಸಿಇಟಿ ಚೆನ್ನಾಗಿ ಬರೆದ್ರೆ ಹಿಂದಿನದ್ದನ್ನ ಯಾರೂ ಕೇಳ್ತಿರ್ಲಿಲ್ಲ, ಈಗ ನೀಟ್ ಬಂದ್ಮೇಲೂ ಒಂದು ಮಧ್ಯಾಹ್ನದ ಪರೀಕ್ಷೆನೇ ಸೀಟು ತೀರ್ಮಾನ ಮಾಡೋದು. ಇಲ್ಲಿ ಕಾಲೇಜಿಗೆ ಕಾಲಿಟ್ಟ ಮೊದಲನೇ ಸೆಮಿಸ್ಟರ್ ಗ್ರೇಡೂ ಮೆಡಿಕಲ್ ಸ್ಕೂಲ್ ಅರ್ಜಿ ಹಾಕೋ ದಿನದ ತನಕ ಹಿಂದೆನೇ ಬರತ್ತೆ. ಎಎಂಸಿಎಎಸ್ ಅಂತ ಒಂದೇ ಅರ್ಜಿ ಬಹುಪಾಲು ಮೆಡಿಕಲ್ ಸ್ಕೂಲುಗಳಿಗೆ ಹೋಗೋದು, ಅವ್ರು ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾತ್ಸ್ ಗ್ರೇಡುಗಳನ್ನ ಬೇರೆ ತೆಗೆದು ಒಂದು ಸೈನ್ಸ್ ಜಿಪಿಎ, ಅಂದ್ರೆ 4ಕ್ಕೆ ಇಷ್ಟು ಅಂತ ಗ್ರೇಡುಗಳ ಸರಾಸರಿ, ಲೆಕ್ಕ ಹಾಕ್ತಾರೆ, ಒಂದು ಕೋರ್ಸನ್ನ ಎರಡು ಸಲ ತಗೊಂಡ್ರೆ ಎರಡು ಗ್ರೇಡೂ ಸೇರಿಸ್ತಾರೆ, ನಿಮ್ಮ ಕಾಲೇಜು ಹಳೇದನ್ನ ಅಳಿಸಿದ್ರೂ ಅವ್ರು ಅಳಿಸಲ್ಲ. ಮಗಳು ಹೈಸ್ಕೂಲಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಕ್ರೆಡಿಟ್ ಕೋರ್ಸ್ (ಹೈಸ್ಕೂಲು, ಕಾಲೇಜು ಎರಡಕ್ಕೂ ಸೇರೋದು) ಏನಾದ್ರೂ ತಗೊಂಡಿದ್ರೆ ಅದೂ ಇದ್ರೊಳಗೇ ಬರತ್ತೆ, ಒಂದ್ಸಲ ತೆಗೆದು ನೋಡಿ, ಎಷ್ಟೋ ಜನಕ್ಕೆ ಇದು ಅರ್ಜಿ ತುಂಬೋವಾಗ್ಲೇ ಗೊತ್ತಾಗೋದು. 2023ರಲ್ಲಿ ಸುಮಾರು 52 ಸಾವಿರ ಚಿಲ್ಲರೆ ಜನ ಅರ್ಜಿ ಹಾಕಿ 23 ಸಾವಿರದಷ್ಟು ಜನ ಸೇರಿದ್ರು, ಸೇರಿದವರ ಸರಾಸರಿ ಜಿಪಿಎ 3.77ರ ಆಸುಪಾಸು. ಅಷ್ಟು ಇರ್ಬೇಕು ಅಂದ್ರೆ ಮೊದಲ ವರ್ಷ ಎರಡು ಸಿ ಬಿದ್ರೆ ಮೇಲೆತ್ತೋಕೆ ಮುಂದೆ ಎಷ್ಟು ಎ ಬೇಕಾಗತ್ತೆ ಅಂತ ಒಂದು ಹಾಳೆ ಮೇಲೆ ಲೆಕ್ಕ ಹಾಕಿ ನಿಮ್ಮ ಯಜಮಾನ್ರಿಗೆ ತೋರ್ಸಿ, ಅದು ಅವರಿಗೆ ಬೇಗ ಅರ್ಥ ಆಗತ್ತೆ.

ಇನ್ನೊಂದು, ಲ್ಯಾಬ್ ವಿಷ್ಯ. ಕೋರ್ಸ್ ಪಟ್ಟಿಯಲ್ಲಿ ಲ್ಯಾಬ್ ಮುಂದೆ 1 ಕ್ರೆಡಿಟ್ ಅಂತ ಇರತ್ತೆ, ಅದನ್ನ ನೋಡಿ ಮಕ್ಕಳು ಮೋಸ ಹೋಗ್ತಾರೆ. ಆ ಒಂದು ಕ್ರೆಡಿಟ್‌ಗೆ ವಾರಕ್ಕೆ ಮೂರು ನಾಲ್ಕು ಗಂಟೆ ನಿಂತು ಕೆಲಸ ಮಾಡ್ಬೇಕು, ಆಮೇಲೆ ರಿಪೋರ್ಟ್ ಬರೆಯೋಕೆ ಒಂದು ಇಡೀ ಸಂಜೆ ಬೇಕು. ಮೂರು ಸೈನ್ಸ್ ಅಂದ್ರೆ ಮೂರು ಮಧ್ಯಾಹ್ನ, ಮೂರು ಸಂಜೆ ಹೋಯ್ತು ಅಂತ. ಎರಡು ವರ್ಷದ ಹಿಂದೆ ನನ್ನ ಮಂಗಳವಾರದ ಬ್ಯಾಚಲ್ಲಿ ನಮ್ಮ ಕಡೆ ಹುಡುಗಿ ಒಬ್ಳಿದ್ಳು, ಆರ್ಗ್ಯಾನಿಕ್, ಫಿಸಿಕ್ಸ್, ಬಯಾಲಜಿ ಮೂರೂ ಲ್ಯಾಬ್ ಒಂದೇ ಸೆಮಿಸ್ಟರಿಗೆ ಹಾಕ್ಕೊಂಡಿದ್ಳು. ಅವತ್ತು ಬೆಂಜೋಯಿಕ್ ಆಸಿಡ್ಡನ್ನ ಬಿಸಿ ನೀರಲ್ಲಿ ಕರಗಿಸಿ ಹರಳು ಮಾಡೋ ಪ್ರಯೋಗ, ಫ್ಲಾಸ್ಕನ್ನ ಮೇಜಿನ ಮೇಲೆ ಮುಟ್ಟದೆ ಬಿಟ್ರೆ ತಣ್ಣಗಾಗ್ತಾ ಆಗ್ತಾ ಬೆಳ್ಳಗೆ ಉದ್ದುದ್ದ ಸೂಜಿ ತರ ಬೆಳೀತವೆ, ನೋಡೋಕೆ ತುಂಬಾ ಚೆಂದ. ಅವಳಿಗೆ ಸಂಜೆ ಆರಕ್ಕೆ ಫಿಸಿಕ್ಸ್ ರಿಪೋರ್ಟ್ ಕೊಡ್ಬೇಕಿತ್ತು, ಕಾಯೋಕೆ ಪುರುಸೊತ್ತಿಲ್ಲ, ಬಿಸಿ ಫ್ಲಾಸ್ಕನ್ನ ಹಂಗೇ ಐಸ್ ಬಕೆಟ್ಟಿಗೆ ಇಟ್ಬಿಟ್ಳು. ಒಂದೇ ಸಲಕ್ಕೆ ಎಲ್ಲಾ ಅಕ್ಕಿಹಿಟ್ಟಿನ ತರ ತಳಕ್ಕೆ ಬಿತ್ತು, ಕೊಳೆನೂ ಅದರ ಜೊತೆನೇ ಸೇರ್ಕೊಂಡಿತ್ತು. ಶುದ್ಧವಾಗಿದ್ರೆ 122 ಡಿಗ್ರಿಗೆ ಕರಗ್ಬೇಕಾದ್ದು 114ಕ್ಕೇ ಕರಗೋಕೆ ಶುರುವಾಯ್ತು. ಅವಳು ಸಿಂಕ್ ಹತ್ರ ಹೋಗಿ ಗಾಜಿನ ಸಾಮಾನು ತೊಳೀತಾ ಅಳ್ತಿದ್ಳು. ಬುದ್ಧಿವಂತೆ ಹುಡುಗಿ, ಬುದ್ಧಿಗೆ ಏನೂ ಕೊರತೆ ಇರ್ಲಿಲ್ಲ, ಟೈಮಿಲ್ಲ ಅಷ್ಟೇ. ಮಾರನೇ ವಾರ ಫಿಸಿಕ್ಸ್ ಬಿಟ್ಳು, ಟ್ರಾನ್ಸ್‌ಕ್ರಿಪ್ಟಲ್ಲಿ ಕೋರ್ಸ್ ಬಿಟ್ಟಿದ್ದಕ್ಕೆ ಒಂದು ಡಬ್ಲ್ಯೂ ಬಿತ್ತು, ಅದು ಜಿಪಿಎಗೆ ಸೇರಲ್ಲ, ಮುಂದಿನ ವರ್ಷ ನೆಮ್ಮದಿಯಾಗಿ ತಗೊಂಡು ಎ ಮೈನಸ್ ತಂದ್ಳು.

ಹಂಗಾದ್ರೆ ಏನು ಮೊದಲು? ಕೆಮಿಸ್ಟ್ರಿ. ಯಾಕಂದ್ರೆ ಅದೊಂದೇ ಸಾಲಾಗಿ ನಡೆಯೋದು. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್, ಅದಾದ್ಮೇಲೆ ಆರ್ಗ್ಯಾನಿಕ್ ಎರಡು, ಅದಾದ್ಮೇಲೆ ಬಯೋಕೆಮಿಸ್ಟ್ರಿ ಒಂದು, ಒಟ್ಟು ಐದು ಸೆಮಿಸ್ಟರ್, ಹೆಚ್ಚಿನ ಕಾಲೇಜುಗಳಲ್ಲಿ ಒಂದು ಮುಗೀದೆ ಇನ್ನೊಂದಕ್ಕೆ ಬಿಡಲ್ಲ. ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ ಎಂಕ್ಯಾಟಲ್ಲಿ ಬಯೋಕೆಮಿಸ್ಟ್ರಿ ಎರಡು ಭಾಗದಲ್ಲಿ ಬರತ್ತೆ, ಅದನ್ನ ಓದದೆ ಪರೀಕ್ಷೆಗೆ ಕೂರೋದು ಬೇಡವೇ ಬೇಡ. ಮೂರನೇ ವರ್ಷ ಮುಗಿದ ಬೇಸಿಗೆಗೆ ಅರ್ಜಿ ಹಾಕೋದಾದ್ರೆ ಎಂಕ್ಯಾಟ್ ಆ ವಸಂತದಲ್ಲೇ ಬರೀಬೇಕು, ಅಂದ್ರೆ ಬಯೋಕೆಮಿಸ್ಟ್ರಿ ಐದನೇ ಸೆಮಿಸ್ಟರಿಗೆ ಬರ್ಲೇಬೇಕು, ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬಂದ್ರೆ ಮೊದಲ ಸೆಮಿಸ್ಟರಿಗೇ ಜನರಲ್ ಕೆಮಿಸ್ಟ್ರಿ ಬಂದು ನಿಲ್ಲತ್ತೆ. ಬಯಾಲಜಿ, ಫಿಸಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಇವೆಲ್ಲಾ ಆಚೆ ಈಚೆ ಸರಿಸ್ಕೋಬಹುದು. ನಾನಾಗಿದ್ರೆ ಮೊದಲ ಸೆಮಿಸ್ಟರಿಗೆ ಜನರಲ್ ಕೆಮಿಸ್ಟ್ರಿ ಮತ್ತು ಅದರ ಲ್ಯಾಬ್, ಸ್ಟ್ಯಾಟಿಸ್ಟಿಕ್ಸ್, ಒಂದು ಇಂಗ್ಲಿಷ್ ಬರವಣಿಗೆ ಕೋರ್ಸ್, ಸೈಕಾಲಜಿ ಇಷ್ಟು ಹಾಕಿಸ್ತಿದ್ದೆ. ಒಂದೇ ಲ್ಯಾಬ್. ಎರಡನೇದಕ್ಕೆ ಬಯಾಲಜಿ ಸೇರಿಸ್ಲಿ, ಎಪಿ ಕ್ರೆಡಿಟ್ ಬಳಸಿದ್ರೆ ಅದು ಬೇಡ. ಫಿಸಿಕ್ಸ್ ಮೂರನೇ ವರ್ಷಕ್ಕೆ ಇರ್ಲಿ, ಎಂಕ್ಯಾಟ್ ಹೊತ್ತಿಗೆ ಹಸಿಯಾಗಿ ನೆನಪಿರತ್ತೆ.

ಎಪಿ ವಿಷ್ಯ ಹೇಳಿದ್ರಿ. ಅದಕ್ಕೆ ಕಾಲೇಜು ಕೊಡೋ ಕ್ರೆಡಿಟ್ಟನ್ನ ಎಲ್ಲಾ ಮೆಡಿಕಲ್ ಸ್ಕೂಲ್ ಒಂದೇ ತರ ನೋಡಲ್ಲ, ಕೆಲವು ಒಪ್ಕೋತವೆ, ಕೆಲವು ಒಪ್ಪಲ್ಲ, ಕೆಲವು ಅದೇ ವಿಷ್ಯದಲ್ಲಿ ಮೇಲಿನ ಕೋರ್ಸ್ ಮಾಡಿದ್ರೆ ಸರಿ ಅಂತವೆ. ಬಯಾಲಜಿ 5 ಇದೆಯಲ್ಲ, ಆ ಕ್ರೆಡಿಟ್ ಇಟ್ಕೊಂಡು ಜೆನೆಟಿಕ್ಸ್, ಸೆಲ್ ಬಯಾಲಜಿ ತರದ್ದು ಲ್ಯಾಬ್ ಜೊತೆ ತಗೋಬಹುದು, ಆದ್ರೆ ಮೊದಲ ವರ್ಷನೇ ಬೇಡ. ಕೆಮಿಸ್ಟ್ರಿ 4ಕ್ಕೆ ನಾನು ಆ ಕ್ರೆಡಿಟ್ ಬಿಟ್ಟು ಕಾಲೇಜಲ್ಲೇ ಮೊದಲಿಂದ ಮಾಡಿ ಅಂತೀನಿ, ಜನರಲ್ ಕೆಮಿಸ್ಟ್ರಿ ಗಟ್ಟಿ ಇಲ್ದೆ ಆರ್ಗ್ಯಾನಿಕ್ಕಿಗೆ ಬಂದವ್ರು ಪಡೋ ಪಾಡು ನಾನು ವರ್ಷಾ ವರ್ಷಾ ನೋಡ್ತೀನಿ. ಕ್ರೆಡಿಟ್ ಬೇಡ ಅನ್ನೋದನ್ನ ರಿಜಿಸ್ಟರ್ ಮಾಡೋಕೆ ಮುಂಚೆನೇ ಅಡ್ವೈಸರ್ ಹತ್ರ ಹೇಳ್ಬೇಕು.

ಸೈಕಾಲಜಿ ಮೇಜರ್ ಧಾರಾಳವಾಗಿ ಮಾಡ್ಲಿ. ಪ್ರಿ-ಮೆಡ್, ಅಂದ್ರೆ ಮೆಡಿಕಲ್ ಸ್ಕೂಲಿಗೆ ಮುಂಚಿನ ತಯಾರಿ, ಅನ್ನೋದು ಬಹುತೇಕ ಕಾಲೇಜುಗಳಲ್ಲಿ ಮೇಜರೇ ಅಲ್ಲ, ಬೇಕಾದ ಸೈನ್ಸ್ ಕೋರ್ಸುಗಳನ್ನ ಮುಗಿಸಿದ್ರೆ ಡಿಗ್ರಿ ಯಾವುದಾದ್ರೂ ನಡೆಯತ್ತೆ. ಎಂಕ್ಯಾಟಲ್ಲಿ ನಾಲ್ಕು ಭಾಗ, 2015ರಿಂದ ಅದರಲ್ಲಿ ಒಂದು ಇಡೀ ಭಾಗ ಸೈಕಾಲಜಿ, ಸೋಶಿಯಾಲಜಿ ಮೇಲೇ ನಿಂತಿದೆ. ಅಬ್ರಹಾಂ ಫ್ಲೆಕ್ಸ್‌ನರ್ ಅಂತ ಒಬ್ರು 1910ರಲ್ಲಿ ಇಲ್ಲಿನ ಮೆಡಿಕಲ್ ಸ್ಕೂಲುಗಳನ್ನೆಲ್ಲಾ ಸುತ್ತಿ ನೋಡಿ ವರದಿ ಬರೆದ್ರು, ಕೆಮಿಸ್ಟ್ರಿ ಬಯಾಲಜಿ ಫಿಸಿಕ್ಸ್ ಓದದವರನ್ನ ಸೇರಿಸ್ಬೇಡಿ ಅನ್ನೋದು ಗಟ್ಟಿಯಾಗಿದ್ದು ಅವರಿಂದ, ಅವ್ರು ಡಾಕ್ಟರೇ ಅಲ್ಲ, ಸ್ಕೂಲ್ ನಡೆಸ್ತಿದ್ದ ಮೇಷ್ಟ್ರು. ಆ ಮೂರರ ಪಕ್ಕಕ್ಕೆ ಮನಸ್ಸು, ಸಮಾಜ ಬಂದು ಕೂರೋಕೆ ನೂರು ವರ್ಷ ಹಿಡೀತು. ಮಗಳ ಆಸೆ ಸರಿಯಾದ ದಾರೀಲೇ ಇದೆ. ವೀಣೆನೂ ಬಿಡಿಸ್ಬೇಡಿ ದಯವಿಟ್ಟು.

ನೀವಿರೋದು ಟೆಕ್ಸಾಸ್ ಆಗಿರೋದ್ರಿಂದ ಇನ್ನೊಂದು ಮಾತು. ಅಲ್ಲಿನ ಸರ್ಕಾರಿ ಮೆಡಿಕಲ್ ಸ್ಕೂಲುಗಳಿಗೆ ಟಿಎಂಡಿಎಸ್‌ಎಎಸ್ ಅಂತ ಬೇರೆನೇ ಅರ್ಜಿ, ಶೇ 90ರಷ್ಟು ಸೀಟು ಆ ರಾಜ್ಯದವರಿಗೇ ಅಂತ ಕಾನೂನೇ ಇದೆ, ನಿಮಗೆ ಅದು ದೊಡ್ಡ ಅನುಕೂಲ. ಅವರ ಕೋರ್ಸ್ ಪಟ್ಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಇದೆ, ಅದಕ್ಕೇ ಮೇಲೆ ಕ್ಯಾಲ್ಕುಲಸ್ ಬದಲು ಅದನ್ನ ಹೇಳಿದ್ದು. ಮೂರು ವರ್ಷಕ್ಕೆ ಮುಗಿಸೋ ಅವಸರ ಬೇಡ, ಈಗ ಮೆಡಿಕಲ್ ಸ್ಕೂಲ್ ಸೇರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡಿಗ್ರಿ ಆದ್ಮೇಲೆ ಒಂದು ವರ್ಷವಾದ್ರೂ ಬಿಟ್ಟೇ ಸೇರೋದು.

ಪ್ರಶ್ನೆ: ಆಂಟಿ, ನಾನು ನ್ಯೂಜೆರ್ಸಿಯಲ್ಲಿ ಸೆಕೆಂಡ್ ಇಯರ್. ಆರ್ಗ್ಯಾನಿಕ್ ಕೆಮಿಸ್ಟ್ರಿ-1ರಲ್ಲಿ ಸಿ ಪ್ಲಸ್ ಬಂತು. ಅಪ್ಪ ಅಮ್ಮಂಗೆ ಇನ್ನೂ ಹೇಳಿಲ್ಲ. ರಿಪೀಟ್ ಮಾಡ್ಲಾ? ಎಲ್ಲಾ ಮುಗೀತಾ?

ಉತ್ತರ: ಏನೂ ಮುಗಿದಿಲ್ಲ ಪುಟ್ಟ. ಹೆಚ್ಚಿನ ಮೆಡಿಕಲ್ ಸ್ಕೂಲುಗಳು ಕೇಳೋದು ಸಿ ಅಥವಾ ಅದಕ್ಕಿಂತ ಮೇಲೆ, ಸಿ ಪ್ಲಸ್ ಆ ಗೆರೆ ದಾಟಿದೆ. ಸಿ ಮೈನಸ್ ಆಗಿದ್ರೆ ರಿಪೀಟ್ ಮಾಡು ಅಂತಿದ್ದೆ. ಈಗ ರಿಪೀಟ್ ಮಾಡಿದ್ರೆ ಎರಡೂ ಗ್ರೇಡ್ ಲೆಕ್ಕಕ್ಕೆ ಬರತ್ತೆ, ಒಂದು ಸೆಮಿಸ್ಟರೂ ಹೋಗತ್ತೆ. ಅದರ ಬದಲು ಆರ್ಗ್ಯಾನಿಕ್-2, ಬಯೋಕೆಮಿಸ್ಟ್ರಿ ಎರಡರಲ್ಲೂ ಚೆನ್ನಾಗಿ ಮಾಡು, ಅರ್ಜಿ ಓದೋರು ಗ್ರೇಡು ಮೇಲಕ್ಕೆ ಹೋಗ್ತಿದ್ಯಾ ಅಂತನೂ ನೋಡ್ತಾರೆ.

ಆದ್ರೆ ಸಿ ಪ್ಲಸ್ ಯಾಕೆ ಬಂತು ಅಂತ ನೋಡ್ಲೇಬೇಕು. ನೀನು ಪತ್ರದ ಜೊತೆ ಕಳಿಸಿರೋ ಉತ್ತರ ಪತ್ರಿಕೆ ಫೋಟೋ ನೋಡ್ದೆ. ಮೂರನೇ ಪ್ರಶ್ನೆಯಲ್ಲಿ ಉತ್ತರ ಸರಿ ಇದೆ, ಎಲೆಕ್ಟ್ರಾನ್ ಹೋಗೋ ದಿಕ್ಕು ತೋರಿಸೋ ಬಾಣ ಉಲ್ಟಾ ಇದೆ, ಪಾಸಿಟಿವ್ ಚಾರ್ಜ್ ಇರೋ ಕಾರ್ಬನ್ನಿಂದ ಬಾಣ ಹೊರಡಿಸಿದೀಯ. ಬಾಣ ಯಾವತ್ತೂ ಎಲೆಕ್ಟ್ರಾನ್ ಇರೋ ಕಡೆಯಿಂದ ಹೊರಟು ಅದು ಬೇಕಾಗಿರೋ ಕಡೆ ಹೋಗೋದು. ಅಂದ್ರೆ ರಿಯಾಕ್ಷನ್ನುಗಳನ್ನ ಮಗ್ಗಿ ತರ ಬಾಯಿಪಾಠ ಮಾಡಿದೀಯ. ಮಗ್ಗಿ ಇಪ್ಪತ್ತರ ತನಕ ಆಗತ್ತೆ, ಇನ್ನೂರು ರಿಯಾಕ್ಷನ್ನಿಗೆ ಆಗಲ್ಲ. ದಿನಾ ರಾತ್ರಿ ಪುಸ್ತಕ ಮುಚ್ಚಿ, ಖಾಲಿ ಹಾಳೆ ಮೇಲೆ ಎರಡೇ ಎರಡು ಮೆಕ್ಯಾನಿಸಂ, ಅಂದ್ರೆ ರಿಯಾಕ್ಷನ್ ಹಂತ ಹಂತವಾಗಿ ನಡೆಯೋ ಬಗೆ, ಬರೆ, ಎಲ್ಲಿ ನಿಲ್ತೀಯೋ ಅಲ್ಲಿ ಸುತ್ತು ಹಾಕು, ಆ ಹಾಳೆ ತಗೊಂಡು ಮಕ್ಕಳು ಡೌಟ್ ಕೇಳೋಕೆ ಅಂತ ಪ್ರೊಫೆಸರ್ ಇಟ್ಟಿರೋ ಆಫೀಸ್ ಅವರ್ಸಿಗೆ ಹೋಗು. ನಮ್ಮ ಮನೆ ಮಕ್ಕಳು ಅಲ್ಲಿಗೆ ಹೋಗೋಕೆ ತುಂಬಾ ಹಿಂಜರೀತಾರೆ, ದಡ್ಡ ಅನ್ಕೊಂಡ್ಬಿಟ್ರೆ ಅಂತ. ಮುನ್ನೂರು ಜನ ಕೂರೋ ಕ್ಲಾಸಲ್ಲಿ ನಿನ್ನ ಮುಖ ಅವರಿಗೆ ಗೊತ್ತಾಗೋದು ಅಲ್ಲಿ ಹೋದ್ರೆ ಮಾತ್ರ, ಮುಂದೆ ಇಬ್ಬರು ಸೈನ್ಸ್ ಪ್ರೊಫೆಸರ್ ಹತ್ರ ಶಿಫಾರಸು ಪತ್ರ ಬೇಕಾಗತ್ತೆ, ಮುಖನೇ ಗೊತ್ತಿಲ್ದೋರು ಏನಂತ ಬರೀತಾರೆ? ಮತ್ತೆ ಅಪ್ಪ ಅಮ್ಮಂಗೆ ಈ ಭಾನುವಾರನೇ ಹೇಳು, ಮುಂದೇನು ಮಾಡ್ತೀಯ ಅನ್ನೋದನ್ನೂ ಜೊತೆಗೇ ಹೇಳು.

ಪ್ರಶ್ನೆ: ಮೇಡಂ, ಮಗ ಹತ್ತನೇ ಕ್ಲಾಸು, ನಾವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲೇ ಇದೀವಿ, ಅವನು ನಮ್ಮ ಮೇಲೆ ಅವಲಂಬಿಸಿರೋ ಎಚ್-4 ವೀಸಾದಲ್ಲಿದಾನೆ. ಮೆಡಿಕಲ್ ಓದಿಸ್ಬಹುದಾ?

ಉತ್ತರ: ಓದಿಸ್ಬಹುದು, ಆದ್ರೆ ದಾರಿ ಕಿರಿದು, ಅದನ್ನ ಮುಚ್ಚಿಟ್ಟು ಹೇಳೋಕೆ ನಂಗೆ ಮನಸ್ಸಿಲ್ಲ. 21 ತುಂಬಿದ್ರೆ ಎಚ್-4 ಮುಗಿಯತ್ತೆ, ಕಾಲೇಜಿನ ಮಧ್ಯದಲ್ಲೇ ಸ್ಟೂಡೆಂಟ್ ವೀಸಾ ಎಫ್-1ಗೆ ಹೋಗ್ಬೇಕಾಗಬಹುದು. ತುಂಬಾ ಮೆಡಿಕಲ್ ಸ್ಕೂಲುಗಳು, ಅದರಲ್ಲೂ ಸರ್ಕಾರಿ ಸ್ಕೂಲುಗಳು, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನ ಮಾತ್ರ ತಗೋತವೆ. ತಗೊಳ್ಳೋ ಕಡೆನೂ ಕೆಲವರು ಫೀಸಿನ ದುಡ್ಡು ಮೊದಲೇ ತೋರ್ಸಿ ಅಂತಾರೆ, ಫೆಡರಲ್ ಸಾಲವೂ ಸಿಗಲ್ಲ. ಮೆಡಿಕಲ್ ಸ್ಕೂಲುಗಳ ಸಂಘ ಎಎಎಂಸಿಯವರ ಎಂಎಸ್‌ಎಆರ್ ಅನ್ನೋ ಆನ್‌ಲೈನ್ ಪಟ್ಟಿಯಲ್ಲಿ ಯಾವ ಸ್ಕೂಲು ಯಾರನ್ನ ತಗೊಳ್ಳತ್ತೆ, ಯಾವ್ಯಾವ ಕೋರ್ಸ್ ಕೇಳತ್ತೆ ಎಲ್ಲಾ ಇದೆ, ಸ್ವಲ್ಪ ಫೀಸ್ ಇದೆ, ಕೊಡಿ. ಕೋರ್ಸು ಮೇಲೆ ಹೇಳಿದ ಹಂಗೇ, ಆದ್ರೆ ಮೇಜರ್ ಮಾತ್ರ ಮೆಡಿಕಲ್ ಸಿಗದಿದ್ರೂ ಕೆಲಸ ಸಿಗೋ ಅಂಥದ್ದು ಇರ್ಲಿ. ಮಗನ ಹತ್ರನೂ ಈಗ್ಲೇ ಕೂತು ಮಾತಾಡಿ, ಹದಿನೈದು ವರ್ಷದ ಹುಡುಗನಿಗೆ ವೀಸಾ ಅಂದ್ರೆ ಏನು ಅಂತ ಅರ್ಥ ಆಗತ್ತೆ.

ಪ್ರಶ್ನೆ: ತುಮಕೂರಿಂದ ಬರೀತಿದೀನಿ. ಅಕ್ಕನ ಮಗಳು ಸೆಕೆಂಡ್ ಪಿಯುಸಿ, ಪಿಯು ಮುಗಿಸಿ ಸೀದಾ ಅಮೆರಿಕದಲ್ಲಿ ಮೆಡಿಕಲ್ ಸೇರ್ಬಹುದಾ?

ಉತ್ತರ: ಸೀದಾ ಆಗಲ್ಲ ಸರ್. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್, ಅದಾದ್ಮೇಲೆ ರೆಸಿಡೆನ್ಸಿ ಅನ್ನೋ ಆಸ್ಪತ್ರೆ ತರಬೇತಿ, ಮೇಲಿನ ಉತ್ತರದಲ್ಲಿ ಹೇಳಿದ ವೀಸಾ ಕಷ್ಟ ಅವಳಿಗೂ ಇರತ್ತೆ. ನೀಟ್ ಬರೆದು ಅಲ್ಲೇ ಎಂಬಿಬಿಎಸ್ ಮಾಡಿ, ಆಮೇಲೆ ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ ಬರೆದು ರೆಸಿಡೆನ್ಸಿಗೆ ಹೋಗೋದು ನಮ್ಮ ಕಡೆಯವ್ರು ಹೆಚ್ಚಾಗಿ ಹಿಡಿಯೋ ದಾರಿ. 2022ರಿಂದ ಅದರ ಸ್ಟೆಪ್ 1ಕ್ಕೆ ನಂಬರ್ ಕೊಡಲ್ಲ, ಬರೀ ಪಾಸ್ ಫೇಲ್, ಹಂಗಾಗಿ ಸ್ಟೆಪ್ 2ಕ್ಕೆ ತೂಕ ಜಾಸ್ತಿ ಆಗಿದೆ. ಈಗ ಅವಳ ಮುಂದಿರೋದು ನೀಟ್, ಅದರಲ್ಲಿ 720ಕ್ಕೆ 360 ಬಯಾಲಜಿದೇ, ಮೊದಲು ಅದನ್ನ ಗಟ್ಟಿ ಮಾಡ್ಕೊಳ್ಲಿ.