ಸಣ್ಣ ಅಕ್ವೇರಿಯಂ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್

ಪ್ರಶ್ನೆ: ನಮ್ಮ 40 ಲೀಟರಿನ ಅಕ್ವೇರಿಯಂನಲ್ಲಿ ನೆಟ್ಟ ಗಿಡಗಳು ಸೊರಗುತ್ತಿವೆ. ಸಿಲಿಂಡರ್ ಕೊಳ್ಳದೆ, ಸಕ್ಕರೆ ಮತ್ತು ಯೀಸ್ಟ್‌ನಿಂದಲೇ ಇಂಗಾಲದ ಡೈಆಕ್ಸೈಡ್ ಒದಗಿಸಬಹುದೇ? ಮೀನುಗಳಿಗೆ ತೊಂದರೆಯಾಗದೇ?

ಉತ್ತರ: ಒದಗಿಸಬಹುದು. ಎರಡು ಲೀಟರಿನ ತಂಪು ಪಾನೀಯದ ಬಾಟಲಿಗೆ ಮುಕ್ಕಾಲು ಭಾಗ ಉಗುರುಬೆಚ್ಚನೆಯ ನೀರು ತುಂಬಿ, ಸುಮಾರು 200 ಗ್ರಾಂ ಸಕ್ಕರೆ ಕರಗಿಸಿ, ಕಾಲು ಟೀ ಚಮಚ ಯೀಸ್ಟ್ ಹಾಕಿದರೆ, ಹುದುಗುವಿಕೆಯಿಂದ ಸಾಮಾನ್ಯವಾಗಿ ಎರಡು ವಾರ ಅನಿಲ ಹೊರಬರುತ್ತದೆ; ದೋಸೆಹಿಟ್ಟು ಬೇಗ ಉಬ್ಬುವ ಬೇಸಿಗೆಯಲ್ಲಿ ಇದೂ ಬೇಗ ಮುಗಿಯುತ್ತದೆ. ಈ ಅನಿಲವನ್ನು ಕೊಳವೆಯ ಮೂಲಕ ಅಕ್ವೇರಿಯಂ ನೀರಿಗೆ ಬಿಡಿ; ಬಾಟಲಿಯ ನೊರೆ ಅಕ್ವೇರಿಯಂ ಸೇರದಂತೆ ನಡುವೆ ಇನ್ನೊಂದು ಸಣ್ಣ ಬಾಟಲಿ ಇಡಿ. ಅನಿಲದ ಹರಿವನ್ನು ತಗ್ಗಿಸಲೆಂದು ಕೊಳವೆಯನ್ನು ಎಂದಿಗೂ ಬಿಗಿಯಬೇಡಿ, ಒತ್ತಡ ಹೆಚ್ಚಿ ಬಾಟಲಿ ಸಿಡಿಯಬಹುದು.

ನಿಮ್ಮ ಎರಡನೆಯ ಆತಂಕ ನ್ಯಾಯವಾದದ್ದು. ಕತ್ತಲಲ್ಲಿ ಗಿಡಗಳು ಈ ಅನಿಲವನ್ನು ಬಳಸದೆ ತಾವೇ ಹೊರಬಿಡುತ್ತವೆ, ಆದರೆ ಯೀಸ್ಟ್ ಮಾತ್ರ ರಾತ್ರಿಯೂ ಕೆಲಸ ನಿಲ್ಲಿಸುವುದಿಲ್ಲ. ಆದ್ದರಿಂದ ದೀಪ ಆರಿಸಿದ ಮೇಲೆ ಏರ್ ಪಂಪ್ ಓಡಿಸಿ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಲೀಟರಿಗೆ 30 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು. ಬೆಳಗ್ಗೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ, ತಕ್ಷಣ ಕೊಳವೆಯನ್ನು ನೀರಿನಿಂದ ಹೊರಗೆಳೆಯಿರಿ.