ಗಾಳಿ ಇರುವಾಗ ಹಳೆಯ ಮೋಟಾರು ಬೋಟನ್ನು ಓಡಿಸಿ ನೋಡಬಹುದೇ?

ಪ್ರಶ್ನೆ: ಮಾನ್ಯರೆ, ನಮ್ಮದು ಆಲಮಟ್ಟಿ ಹಿನ್ನೀರಿನ ದಂಡೆಯ ಊರು. ಮೀನುಗಾರಿಕೆಯನ್ನೇ ನಂಬಿರುವ ನಾವು ಮೂವರು ಅಣ್ಣತಮ್ಮಂದಿರು ಸೇರಿ ಒಂದು ಹಳೆಯ ಫೈಬರ್ ಬೋಟು ಕೊಳ್ಳಬೇಕೆಂದಿದ್ದೇವೆ. ಉದ್ದ 18 ಅಡಿ, ಹಿಂದೆ 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಇದೆ. ಮೊದಲು ಅದು ಕಾರವಾರದ ಕಡೆ ಸಮುದ್ರದಲ್ಲಿ ಓಡುತ್ತಿತ್ತಂತೆ; ಕಳೆದ ಬೇಸಿಗೆಯಿಂದ ದಂಡೆಯ ಮೇಲೆಯೇ ನಿಂತಿದೆ. ಈ ಭಾನುವಾರ ಬಂದು ಓಡಿಸಿ ನೋಡಿರೆಂದು ಮಾರುವವರು ಹೇಳಿದ್ದಾರೆ. ಆದರೆ ಈಗ ಆಷಾಢದ ಗಾಳಿ. ಗಾಳಿ ನಿಂತ ಮೇಲೆ ನೋಡೋಣವೆಂದು ಅಪ್ಪ ಹೇಳುತ್ತಾರೆ. ಇನ್ನೊಬ್ಬರು ಕೇಳುತ್ತಿದ್ದಾರೆಂದು ಮಾರುವವರು ಅವಸರ ಮಾಡುತ್ತಿದ್ದಾರೆ. ನಾವು ಏನು ಮಾಡಬೇಕು?
— ಹೆಸರು ಬೇಡ, ಬೀಳಗಿ ತಾಲ್ಲೂಕು

ಉತ್ತರ: ಗಾಳಿ ಇದೆಯೆಂಬ ಒಂದೇ ಕಾರಣಕ್ಕೆ ನೋಡುವುದನ್ನು ಮುಂದೂಡಬೇಡಿರಿ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡಿ ಸುಮ್ಮನಾಗದೆ ನೊಗ ಹೂಡಿ ನಡೆಸಿ ನೋಡುವಂತೆ, ಬೋಟನ್ನೂ ಅದು ದುಡಿಯಬೇಕಾದ ನೀರಿನಲ್ಲಿಯೇ ನೋಡಬೇಕು. ನೀವು ಅದನ್ನು ವರ್ಷವಿಡೀ ಆ ಹಿನ್ನೀರಿನಲ್ಲಿ ಓಡಿಸುವವರು, ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಪಡುವಣ ಗಾಳಿ ಬಿಡದೆ ಬೀಸುತ್ತದೆ. ಕನ್ನಡಿಯಂತಹ ನೀರಿನಲ್ಲಿ ಹತ್ತು ನಿಮಿಷ ಚೆನ್ನಾಗಿ ಓಡಿದ ಬೋಟು ಅಲೆಯ ನೀರಿನಲ್ಲಿಯೂ ಹಾಗೆಯೇ ಓಡುತ್ತದೆಂದು ಯಾರೂ ಹೇಳಲಾರರು. ಆದರೆ ನಿಮ್ಮ ತಂದೆಯವರ ಮಾತನ್ನೂ ತಳ್ಳಿಹಾಕುವಂತಿಲ್ಲ, ಏಕೆಂದರೆ ಗಾಳಿಗೆ ಒಂದು ಮಿತಿಯಿದೆ, ನೋಡುವುದಕ್ಕೂ ಒಂದು ಕ್ರಮವಿದೆ. ಇವೆರಡನ್ನೂ ಮೀರಿ ನೀರಿಗಿಳಿಯುವುದಾದರೆ ಅವರು ಹೇಳಿದಂತೆ ಕಾಯುವುದೇ ಸರಿ.

ಮಿತಿಯನ್ನು ಮೊದಲು ಹೇಳುತ್ತೇನೆ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಗಾಳಿಯ ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಕೊಟ್ಟಿರುತ್ತಾರೆ. 12ರಿಂದ 19 ಕಿಲೋಮೀಟರಿನವರೆಗೆ ಅಲೆಗಳ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣುತ್ತದೆ. 20ರಿಂದ 28ರವರೆಗೆ ನೊರೆ ಎಲ್ಲೆಡೆ ಮೇಲಿಂದ ಮೇಲೆ ಏಳುತ್ತದೆ. ಅದಕ್ಕೂ ಮೇಲೆ ಹೋದರೆ ಅಲೆಗಳು ಉದ್ದವಾಗಿ, ತುಂತುರು ಹಾರತೊಡಗುತ್ತದೆ. ನಿಮಗೆ ಪರಿಚಯವಿಲ್ಲದ, ಮೇಲೆ ಮುಚ್ಚಿಗೆಯಿಲ್ಲದ 18 ಅಡಿಯ ಬೋಟಿಗೆ 20ರ ಆಸುಪಾಸು ಸಾಕು, 25ಕ್ಕೆ ನಿಲ್ಲಿಸಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಬೋಟಿನ ಮೈಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆಂಬುದನ್ನು ನೆನಪಿಡಿರಿ. ಫೋನಿನಲ್ಲಿ ಕಂಡ ಅಂಕಿಯನ್ನಷ್ಟೇ ನಂಬಬೇಡಿರಿ. ಕೊರ್ತಿ–ಕೊಲ್ಹಾರ ಸೇತುವೆಯ ಮೇಲೆ ಒಮ್ಮೆ ನಿಂತು ನೀರನ್ನು ನೋಡಿರಿ. ಕಣ್ಣು ಹಾಯುವಷ್ಟು ದೂರವೂ ಬಿಳಿ ನೊರೆಯೇ ಕಂಡರೆ ಆ ದಿನ ಮನೆಗೆ ಹಿಂದಿರುಗಬೇಕು. ವಿಶಾಲವಾದ ನೀರಿನ ಮೇಲೆ ಗಾಳಿ ದೂರದಿಂದ ಅಡ್ಡಿಯಿಲ್ಲದೆ ಓಡಿ ಬಂದಷ್ಟೂ ಅಲೆ ದೊಡ್ಡದಾಗುತ್ತದೆ, ಆದ್ದರಿಂದ ನಿಮ್ಮೂರಿನ ಕೊಲ್ಲಿಯಲ್ಲಿ ಸಣ್ಣದಾಗಿ ಕಂಡ ಅಲೆ ನಡುನೀರಿನಲ್ಲಿ ಅಷ್ಟೇ ಇರುವುದಿಲ್ಲ.

ಇನ್ನು ಕ್ರಮ. ಮಾರುವವರಿಗೆ ಮುಂಚಿತವಾಗಿಯೇ ಒಂದು ಮಾತು ಹೇಳಿಡಿರಿ: ನಾವು ಬರುವ ಮೊದಲು ಎಂಜಿನ್ ಚಾಲೂ ಮಾಡಬಾರದು. ಹೋದ ಕೂಡಲೇ ಎಂಜಿನ್ನಿನ ಮುಚ್ಚಳದ ಮೇಲೆ ಕೈಯಿಟ್ಟು ನೋಡಿರಿ. ಬಿಸಿಯಾಗಿದ್ದರೆ ತಣ್ಣಗಾದಾಗ ಅದು ಏಳಲು ಸತಾಯಿಸುತ್ತದೆಂಬ ಅನುಮಾನಕ್ಕೆ ಎಡೆಯಿದೆ. ಆಮೇಲೆ ಹಿಂಬದಿಗೆ ಬನ್ನಿರಿ, ಹಳೆಯ ಬೋಟಿನಲ್ಲಿ ಹಣ ಉಳಿಯುವುದೂ ಹೋಗುವುದೂ ಅಲ್ಲಿಯೇ. ಎಂಜಿನ್ನನ್ನು ಬೋಲ್ಟ್ ಹಾಕಿ ಕೂರಿಸಿರುವ ಹಿಂಬದಿಯ ಹಲಗೆಯ ಒಳಗೆ ಸಾಮಾನ್ಯವಾಗಿ ಮರ ಇರುತ್ತದೆ, ಹೊರಗೆ ಮಾತ್ರ ಫೈಬರ್. ಬೋಲ್ಟಿನ ತೂತಿನಿಂದ ನೀರು ಇಳಿದು ಒಳಗಿನ ಮರ ಕೊಳೆತರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಎಂಜಿನ್ನಿನ ಕೆಳಗಿನ ಕಾಲನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೂ ಕೆಳಕ್ಕೂ ಬಲವಾಗಿ ಒತ್ತಿರಿ, ನಿಮ್ಮಲ್ಲೊಬ್ಬರು ಆಗ ಹಲಗೆಯನ್ನೇ ನೋಡುತ್ತಿರಲಿ. ಹಲಗೆ ಬಾಗಿದರೆ, ಬೋಲ್ಟಿನ ಸುತ್ತ ಕಂದು ಬಣ್ಣದ ನೀರು ಜಿನುಗಿದರೆ, ಇಲ್ಲವೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಒಂದು ಕಡೆ ಗಟ್ಟಿ ಸದ್ದೂ ಇನ್ನೊಂದು ಕಡೆ ಮೆತ್ತನೆಯ ಸದ್ದೂ ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಆ ಬೋಟು ಬೇಡ. ಇದರಲ್ಲಿ ನನ್ನ ಅಭಿಪ್ರಾಯ ಖಚಿತವಾದುದು: ಕೊಳೆತ ಹಲಗೆಯ ಬೋಟನ್ನು ನೀರಿಗಿಳಿಸಿ ನೋಡುವ ಅಗತ್ಯವೂ ಇಲ್ಲ.

ಪಂಖಾದ ಹಿಂದೆ ಬೆರಳು ಹಾಕಿ ನೋಡಿರಿ. ಮೀನುಗಾರರ ನೀರಿನಲ್ಲಿ ಓಡಿದ ಬೋಟಾದ್ದರಿಂದ ಅಲ್ಲಿ ಬಲೆಯ ನೂಲೋ ತಂಗೂಸಿಯೋ ಬಿಗಿಯಾಗಿ ಸುತ್ತಿಕೊಂಡಿರುವುದುಂಟು. ಅದು ಪಂಖಾ ತಿರುಗಿಸುವ ದಂಡದ ಸೀಲನ್ನು ಕೊರೆದು ಗೇರಿನ ಪೆಟ್ಟಿಗೆಗೆ ನೀರು ಬಿಡುತ್ತದೆ. ಆ ಪೆಟ್ಟಿಗೆಯ ಕೆಳಗಿನ ತಿರುಪನ್ನು ಸ್ವಲ್ಪ ಸಡಿಲಿಸಿ ಗೇರ್ ಆಯಿಲಿನ ನಾಲ್ಕು ಹನಿ ಇಳಿಸಿ ನೋಡಿದರೆ ಗೊತ್ತಾಗುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಸಮುದ್ರದ ಬೋಟಾದ್ದರಿಂದ ಎಂಜಿನ್ನಿನ ಕಾಲಿಗೆ ಜೋಡಿಸಿರುವ ಸತುವಿನ ತುಂಡುಗಳನ್ನೂ ನೋಡಿರಿ. ಉಪ್ಪುನೀರಿನಲ್ಲಿ ಅವು ತಾವು ಸವೆದು ಎಂಜಿನ್ನಿನ ಲೋಹವನ್ನು ಕಾಯುತ್ತವೆ. ಅವು ಪೂರ್ತಿ ಕರಗಿಹೋಗಿದ್ದೂ ಯಾರೂ ಬದಲಿಸಿಲ್ಲವೆಂದರೆ ಒಳಗಿನ ನೀರಿನ ದಾರಿಗಳಲ್ಲಿ ತುಕ್ಕು, ಉಪ್ಪು ಕಟ್ಟಿರುವ ಸಾಧ್ಯತೆ ಹೆಚ್ಚು. ಸಾಧ್ಯವಿದ್ದರೆ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಪ್ರತಿ ಸಿಲಿಂಡರಿನ ಕಂಪ್ರೆಶನ್, ಎಂದರೆ ಒಳಗೆ ಅದುಮುವ ಒತ್ತಡ, ಅಳೆಸಿರಿ. ಒಂದಕ್ಕೊಂದಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಳ್ಳೆಯ ಲಕ್ಷಣವಲ್ಲ.

ನೀರಿಗಿಳಿಸುವ ಮೊದಲು ಬೋಟಿನ ತಳವನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿರಿ. ಇದಕ್ಕೆ ಐದು ನಿಮಿಷ ಸಾಕು, ಫಲವೋ ದೊಡ್ಡದು. ಎಂಜಿನ್ ಚಾಲೂ ಆದ ಕೂಡಲೇ ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಧಾರೆ ಸತತವಾಗಿ ಹೊರಬೀಳಬೇಕು. ಎಂಜಿನ್ನನ್ನು ತಂಪಾಗಿಡುವ ಪಂಪು ಕೆಲಸ ಮಾಡುತ್ತಿದೆಯೆಂಬುದಕ್ಕೆ ಅದೇ ಗುರುತು. ಗಾಳಿ ಹೆಚ್ಚು ತಾಗದ ದಂಡೆಯ ಮರೆಯಲ್ಲಿ ಗೇರು ಮುಂದಕ್ಕೂ ಹಿಂದಕ್ಕೂ ಬೀಳುವುದನ್ನು, ಸ್ಟೇರಿಂಗು ಎರಡೂ ಕಡೆ ಕೊನೆಯವರೆಗೆ ಹಗುರವಾಗಿ ತಿರುಗುವುದನ್ನು ನೋಡಿಕೊಂಡು, ಪೂರ್ತಿ ವೇಗದ ಓಟವನ್ನು ಅಲ್ಲಿಯೇ ಮುಗಿಸಿರಿ. ನಿಮಿಷಕ್ಕೆ ಎಷ್ಟು ಸುತ್ತು ಬರಬೇಕೆಂಬುದು ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಈ ಗಾತ್ರದವುಗಳಲ್ಲಿ ಅದು ಬಹುಮಟ್ಟಿಗೆ 4,500ರಿಂದ 6,000ದೊಳಗೆ ಇರುತ್ತದೆ. ವೇಗವನ್ನು ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆಗೆ ಒಮ್ಮೆ ಫೋನಿನ ಜಿಪಿಎಸ್‌ನಲ್ಲಿ ನೋಡಿ ಸರಾಸರಿ ತೆಗೆಯಿರಿ, ಒಂದೇ ದಿಕ್ಕಿನ ಅಂಕಿ ಗಾಳಿಯ ದಿನ ಮೋಸ ಮಾಡುತ್ತದೆ. ನೀವು ಮೂವರೂ ಕುಳಿತಿರಬೇಕು, ಬಲೆ, ಬುಟ್ಟಿಗಳ ಭಾರವೂ ಇರಬೇಕು. ಖಾಲಿ ಬೋಟು ಓಡುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ.

ಇಷ್ಟು ಆದ ಮೇಲೆ ಅಲೆಯ ನೀರಿಗೆ ಹೋಗಿರಿ, ಮೊದಲು ಗಾಳಿ ಬರುವ ದಿಕ್ಕಿಗೆ, ಎಂದರೆ ಪಡುವಣಕ್ಕೆ. ಎಂಜಿನ್ ಕೈಕೊಟ್ಟರೆ ಗಾಳಿಯೇ ನಿಮ್ಮನ್ನು ಹೊರಟ ಕಡೆಗೆ ತರುತ್ತದೆ. ಮೂಡಣಕ್ಕೆ ಹೋಗಿ ನಿಂತರೆ ಅದೇ ಗಾಳಿ ನಿಮ್ಮನ್ನು ಅಣೆಕಟ್ಟೆಯ ಕಡೆಗೆ ಒಯ್ಯುತ್ತದೆ, ಆಲಮಟ್ಟಿಯ 26 ಗೇಟುಗಳಿರುವ ಆ ದಿಕ್ಕಿಗೆ ಯಾವ ಕಾರಣಕ್ಕೂ ಹೋಗಬಾರದು. ಅಲೆಗೆ ನೇರ ಎದುರಾಗದೆ ಸ್ವಲ್ಪ ಓರೆಯಾಗಿ, ಅರ್ಧ ವೇಗದಲ್ಲಿ, ಬೋಟಿನ ಮೂತಿ ತಗ್ಗಿಸಿಕೊಂಡು ನಡೆಸಿರಿ. ಕಾಲಡಿಯ ನೆಲ ಕಿರುಗುಟ್ಟುತ್ತದೆಯೇ, ಎಂಜಿನ್ ತನ್ನ ಜಾಗದಲ್ಲಿಯೇ ಅಲುಗುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಹಿಂದಿರುಗುವಾಗ ಅಲೆ ಬೆನ್ನಿಗೆ ಬರುತ್ತದೆ; ಆಗ ಮೂತಿಯನ್ನು ಸ್ವಲ್ಪ ಎತ್ತಬೇಕು, ಇಲ್ಲವಾದರೆ ಅದು ಮುಂದಿನ ಅಲೆಗೆ ಹೂತು ಬೋಟು ಪಕ್ಕಕ್ಕೆ ತಿರುಗಿಬಿಡುತ್ತದೆ. ವೇಗವನ್ನು ಒಮ್ಮೆಲೇ ಇಳಿಸಲೂಬಾರದು, ಹಿಂಬಾಲಿಸಿದ ಅಲೆ ಹಿಂಬದಿಯ ಹಲಗೆಯನ್ನು ದಾಟಿ ಒಳಗೆ ಸುರಿಯುತ್ತದೆ.

ನಿಮ್ಮ ಬೋಟಿನ ವಿಷಯದಲ್ಲಿ ಅಲೆಯ ನೀರು ತೋರಿಸುವ ಮುಖ್ಯ ಸಂಗತಿ ಇನ್ನೊಂದಿದೆ. ಬೇಸಿಗೆಯಿಂದ ನಿಂತ ಬೋಟಿನ ಟಾಕಿಯ ತಳದಲ್ಲಿ ಕಸ, ಅಂಟು, ನೀರು ಕುಳಿತಿರುತ್ತದೆ. ನಿಶ್ಚಲ ನೀರಿನಲ್ಲಿ ಅದು ಕದಡುವುದಿಲ್ಲ, ಎಂಜಿನ್ ಸೊಗಸಾಗಿ ಓಡುತ್ತದೆ. ಅಲೆಯಲ್ಲಿ ಅರ್ಧ ಗಂಟೆ ಕುಲುಕಾಡಿದ ಮೇಲೆ ಅದೆಲ್ಲ ಎದ್ದು ಫಿಲ್ಟರಿಗೆ ಬರುತ್ತದೆ. ಎಂಜಿನ್ ಮೊದಲು ತಡವರಿಸುತ್ತದೆ, ಆಮೇಲೆ ವೇಗ ಕೊಟ್ಟರೂ ಏರದೆ ನಿಂತುಹೋಗುತ್ತದೆ. ಆದುದರಿಂದ ಮಾರುವವರು ಬೇರೆ ಡಬ್ಬಿಯಲ್ಲಿ ಹೊಸ ಪೆಟ್ರೋಲು ತಂದು ಓಡಿಸಿ ತೋರಿಸಿದರೆ ಒಪ್ಪಬೇಡಿರಿ, ಬೋಟಿನ ಟಾಕಿಯಿಂದಲೇ ಓಡಲಿ, ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಓಡಲಿ. ದಂಡೆಗೆ ಬಂದ ಮೇಲೆ ಒಣಗಿಸಿದ್ದ ತಳವನ್ನು ನೋಡಿರಿ. ಮೇಲಿನಿಂದ ಸಿಡಿದ ನೀರು ಎಷ್ಟೆಂದು ನಿಮಗೆ ಗೊತ್ತಿರುತ್ತದೆ. ಅದಕ್ಕಿಂತ ಹೆಚ್ಚು ನಿಂತಿದ್ದರೆ ಎಲ್ಲಿಯೋ ಬಿರುಕು ಬಾಯಿ ಬಿಡುತ್ತಿದೆ. ಟಾಕಿಯ ಕಸ, ಸ್ಟೇರಿಂಗ್ ಕೇಬಲು, ಪಂಪು, ಇವು ಬೆಲೆ ಇಳಿಸಿ ಕೊಳ್ಳಬಹುದಾದ ದೋಷಗಳು. ಬಿರುಕು ಎಲ್ಲಿದೆಯೆಂದು ತಿಳಿಯದೆ ಕೊಳ್ಳಬಾರದು.

ಆಷಾಢದಲ್ಲಿ ಜಲಾಶಯ ಇನ್ನೂ ತುಂಬುತ್ತಿರುವ ಕಾಲ; 519.60 ಮೀಟರಿನ ಪೂರ್ಣ ಮಟ್ಟ ತಲುಪುವವರೆಗೆ ಮುಳುಗಡೆ ಊರುಗಳ ಗೋಡೆ, ಮರದ ಬೊಡ್ಡೆಗಳು ಗೇಣುದ್ದ ನೀರಿನ ಕೆಳಗೇ ಇರಬಹುದು, ಅಲೆಯಿದ್ದಾಗ ಅವು ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಗುರುತಿರುವ ಹಳೆಯ ಹೊಳೆಯ ಪಾತ್ರದ ಮೇಲೆಯೇ ಓಡಿಸಿರಿ. ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಬಕಲ್ ಹಾಕಿರಬೇಕು, ಓಡಿಸುವವರ ಮೈಗೆ, ಅವರು ಬಿದ್ದರೆ ಎಂಜಿನ್ ನಿಲ್ಲಿಸುವ ಹಗ್ಗ ಸಿಕ್ಕಿಸಿರಬೇಕು. ಜೊತೆಗೆ ಒಂದು ಜೊತೆ ಹುಟ್ಟು, ನೀರಿನ ಆಳದ ಐದು ಪಟ್ಟು ಹಗ್ಗವಿರುವ ಲಂಗರು ಇರಲಿ. ದಂಡೆಯ ಮೇಲೆ ಇನ್ನೊಂದು ಬೋಟಿನವರಿಗೆ ಹೇಳಿ ಹೋಗಿರಿ.

ಪ್ರಶ್ನೆ: ಓಡಿಸಿ ನೋಡುವಾಗ ಚುಕ್ಕಾಣಿ ಯಾರ ಕೈಯಲ್ಲಿರಬೇಕು? ಯಾವ ಕಾಗದಪತ್ರ ಕೇಳಬೇಕು?
— ಓದುಗರು, ಕೊಲ್ಹಾರ

ಉತ್ತರ: ಅಲೆಯ ನೀರಿಗೆ ಮೊದಲ ಸಲ ಮಾರುವವರೇ ಒಯ್ಯಲಿ, ಅವರಿಗೆ ಬೋಟಿನ ಗುಣ ಗೊತ್ತು, ಅವರು ಯಾವ ಓಟವನ್ನು ತಪ್ಪಿಸುತ್ತಾರೆಂಬುದೂ ನಿಮಗೆ ಕಾಣುತ್ತದೆ. ಆಮೇಲೆ ನೀವು ಹಿಡಿಯಿರಿ, ದಂಡೆಗೆ ಹಚ್ಚುವ ಕೆಲಸವನ್ನಂತೂ ನೀವೇ ಮಾಡಿರಿ. ಅಡ್ಡಗಾಳಿಯಲ್ಲಿ ನಿಧಾನವಾಗಿ ದಂಡೆಗೆ ಬರುವಾಗ ಹಗುರವಾದ ಮೂತಿಯನ್ನು ಗಾಳಿ ತಳ್ಳುತ್ತದೆ, ಹಿಂದಿನ ಗೇರು ಗಟ್ಟಿಯಾಗಿ ಹಿಡಿಯದಿದ್ದರೆ ಆಗಲೇ ತಿಳಿಯುತ್ತದೆ.

ಕಾಗದದ ವಿಷಯಕ್ಕೆ ಬಂದರೆ, 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯು ಒಳನಾಡಿನ ನೀರಿನಲ್ಲಿ ಎಂಜಿನ್ನಿನಿಂದ ಓಡುವ ದೋಣಿಗಳ ನೋಂದಣಿ, ತಪಾಸಣೆ ಮತ್ತು ವಿಮೆಯ ಬಗ್ಗೆ ಹೇಳುತ್ತದೆ. ನೋಂದಣಿ ಪತ್ರ, ತಪಾಸಣಾ ಪತ್ರ, ವಿಮೆ, ಎಂಜಿನ್ ಕೊಂಡ ರಸೀದಿ ಕೇಳಿರಿ. ಎಂಜಿನ್ನಿನ ಮೇಲೆ ಕೊರೆದಿರುವ ಸಂಖ್ಯೆ ಕಾಗದದ ಸಂಖ್ಯೆಗೆ ತಾಳೆಯಾಗಬೇಕು. ಆಲಮಟ್ಟಿ ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿಯಲ್ಲಿರುವುದರಿಂದ ಅಲ್ಲಿ ಬೋಟು ಓಡಿಸಲು ಏನೇನು ಅನುಮತಿ ಬೇಕೆಂದು ನಿಗಮದ ಕಚೇರಿಯಲ್ಲಿ ಮುಂಗಡ ಕೊಡುವ ಮೊದಲೇ ವಿಚಾರಿಸಿರಿ. ಮುಂಗಡ ಕೊಡಲೇಬೇಕಾಗಿ ಬಂದರೆ, ಓಡಿಸಿ ನೋಡಿದ ಮೇಲೆ ಒಪ್ಪಿಗೆಯಾಗದಿದ್ದಲ್ಲಿ ಹಣ ಪೂರ್ತಿ ಹಿಂದಿರುಗಿಸತಕ್ಕದ್ದೆಂದು ಬರೆಸಿಕೊಂಡು, ಇಬ್ಬರ ಸಾಕ್ಷಿ ಹಾಕಿಸಿ ಕೊಡಿರಿ.